ಎಸ್‌ಎಸ್‌ಎಲ್‌ಸಿ ಇಂಗ್ಲಿಷ್: ಪಾಠ ಬಾಯಿಪಾಠ ಬರುತ್ತೆ, ಗೊತ್ತಿಲ್ಲದ ಪ್ಯಾಸೇಜ್ ಕೊಟ್ಟರೆ ಸೊನ್ನೆ. ಏನು ಮಾಡೋದು?

ಕಲ್ಪತರು ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಹತ್ತಿರ ಒಂದು ಹಳ್ಳಿ. ಮಗ ಕನ್ನಡ ಮೀಡಿಯಂ, ಹತ್ತನೇ ಕ್ಲಾಸ್. ಗಣಿತ, ವಿಜ್ಞಾನದಲ್ಲಿ ಪರವಾಗಿಲ್ಲ. ದ್ವಿತೀಯ ಭಾಷೆ ಇಂಗ್ಲಿಷೇ ತಲೆನೋವು. ಪ್ರಿಪರೇಟರಿಯಲ್ಲಿ 80ಕ್ಕೆ 31 ಬಂದಿದೆ. ಪದ್ಯ ಬಾಯಿಪಾಠ ಬರೆದಿದ್ದಾನೆ, ಪತ್ರವನ್ನೂ ಬರೆದಿದ್ದಾನೆ. ಆದರೆ ಪುಸ್ತಕದಲ್ಲಿ ಇಲ್ಲದ ಒಂದು ಪ್ಯಾಸೇಜ್ ಕೊಟ್ಟು ಎರಡು ಪ್ರಶ್ನೆ ಕೇಳುತ್ತಾರಲ್ಲ, ಆ 4 ಅಂಕಕ್ಕೆ ಪೂರ್ತಿ ಸೊನ್ನೆ.

ಬಸ್‌ಸ್ಟ್ಯಾಂಡ್ ಹತ್ತಿರ ಹೋಟೆಲ್ ನಡೆಸುವ ಗಿರಿಜಾ ಎಂಬ ಹೆಂಗಸಿನ ಕಥೆ ಅದು. ನಡುವಿನ ಮೂರು ಸಾಲು ಹೀಗಿದೆ: "ಗಿರಿಜಾ ಹಾರ್ಡ್ಲಿ ಸ್ಲೆಪ್ಟ್ ದಟ್ ನೈಟ್. ದಿ ಡ್ರೈವರ್ ಹೂ ಹ್ಯಾಡ್ ಬ್ರಾಟ್ ಹರ್ ಬ್ರದರ್ ಟು ದಿ ಹಾಸ್ಪಿಟಲ್ ರೆಫ್ಯೂಸ್ಡ್ ಟು ಟೇಕ್ ಎನಿ ಮನಿ. ಸಿನ್ಸ್ ದೆನ್ ಶಿ ಹ್ಯಾಸ್ ನೆವರ್ ಚಾರ್ಜ್ಡ್ ಹಿಮ್ ಫಾರ್ ಹಿಸ್ ಟೀ."

ದುಡ್ಡು ಬೇಡ ಎಂದವರು ಯಾರು ಅನ್ನುವುದು ಮೊದಲನೇ ಪ್ರಶ್ನೆ. ಇವನು "ಹಾಸ್ಪಿಟಲ್" ಅಂತ ಬರೆದಿದ್ದಾನೆ. ಗಿರಿಜಾ ಯಾಕೆ ಡ್ರೈವರ್ ಹತ್ತಿರ ಟೀ ದುಡ್ಡು ತೆಗೆದುಕೊಳ್ಳುವುದಿಲ್ಲ ಅನ್ನುವುದು ಎರಡನೆಯದು. ಅದಕ್ಕೆ ಪ್ರಶ್ನೆಯನ್ನೇ ತಿರುಗಿಸಿ ಉತ್ತರ ಮಾಡಿ ಇಟ್ಟಿದ್ದಾನೆ. ಕೇಳಿದರೆ ನನ್ನ ಮೇಲೇ ರೇಗಿದ. "ಹಾಸ್ಪಿಟಲ್ ರೆಫ್ಯೂಸ್ಡ್ ಅಂತ ಅಲ್ಲೇ ಬರೆದಿದೆ ನೋಡಮ್ಮ, ಸರ್ಕಾರಿ ಆಸ್ಪತ್ರೆ ಇರಬೇಕು, ದುಡ್ಡು ತಗೊಳ್ಳಲ್ಲ" ಎಂದ. ಅವನು ಹೇಳಿದ್ದು ಕೇಳಿ ನನಗೂ ಒಂದು ಕ್ಷಣ ಹೌದಲ್ವಾ ಅನ್ನಿಸಿತು!

ನಾನು ಓದಿದ್ದು ಪಿಯುಸಿ, ಈಗ ಟೈಲರಿಂಗ್ ಮಾಡುತ್ತೇನೆ. ಮನೆಯಲ್ಲಿ ಕೂತು ಹೇಗೆ ಅಭ್ಯಾಸ ಮಾಡಿಸುವುದು? ಟ್ಯೂಷನ್‌ಗೆ ಕಳಿಸುವಷ್ಟು ಅನುಕೂಲ ಇಲ್ಲ.

ಸ್ಕೋರ್ ಮುಖ್ಯ

ಮೇಡಂ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕು ಅಂಕಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ವೇಸ್ಟ್. 76 ಅಂಕ ಬೇರೆ ಕಡೆ ಇದೆ. ಪತ್ರ, ಪ್ರಬಂಧ, ಪ್ರೊಫೈಲ್ (ಕೊಟ್ಟ ವಿವರ ನೋಡಿ ಒಬ್ಬರ ಪರಿಚಯ ಬರೆಯುವುದು), ಚಿತ್ರ ನೋಡಿ ಬರೆಯುವುದು, ಪದ್ಯ, ಇವಿಷ್ಟನ್ನು ಗಟ್ಟಿ ಮಾಡಿಸಿ. ಪ್ಯಾಸೇಜ್‌ಗೆ ಪ್ರಶ್ನೆಯಲ್ಲಿರುವ ಪದ ಎಲ್ಲಿದೆ ಹುಡುಕಿ ಆ ಸಾಲು ಎತ್ತಿ ಬರೆ ಅಂತ ಹೇಳಿಕೊಡಿ, ಎರಡು ಅಂಕ ಗ್ಯಾರಂಟಿ. ನಾನು ಹತ್ತು ವರ್ಷದಿಂದ ಟ್ಯೂಷನ್ ಮಾಡುತ್ತಿದ್ದೇನೆ, ಇದೇ ವರ್ಕ್ ಆಗುವುದು.

ರಾಣೇಬೆನ್ನೂರ ಮಾಸ್ತರ

ಅಕ್ಕಾರೆ, ನಿಮ್ಮ ಮಗ ದಡ್ಡ ಅಲ್ಲ, ಇದನ್ನ ಮೊದಲು ಹೇಳಿಬಿಡತೇನಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವ ನಾನು. "ಹಾಸ್ಪಿಟಲ್" ಅನ್ನೋ ಉತ್ತರ ನನ್ನ ಕ್ಲಾಸಿನಲ್ಲೂ ಅರ್ಧ ಮಕ್ಕಳು ಬರೆಯುತ್ತಾರೆ. ಯಾಕೆ ಅನ್ನುವುದಕ್ಕೆ ಕಾರಣ ಕನ್ನಡದಲ್ಲೇ ಇದೆ.

ನೋಡ್ರಿ, ನಾವು ಹೇಗೆ ಹೇಳುತ್ತೇವೆ? "ತಮ್ಮನನ್ನು ಆಸ್ಪತ್ರೆಗೆ ಕರೆತಂದಿದ್ದ ಡ್ರೈವರ್ ದುಡ್ಡು ಬೇಡ ಎಂದ." ಎಂಥಾ ಡ್ರೈವರ್ ಅನ್ನುವ ವರ್ಣನೆ ಎಲ್ಲಾ ಮುಂಚೇನೇ ಬಂದುಹೋಯಿತು. ಡ್ರೈವರ್ ಮತ್ತು ಬೇಡ ಎಂದ, ಎರಡೂ ಅಕ್ಕಪಕ್ಕ ಕೂತಿವೆ. ಕಿವಿಗೆ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಡ್ರೈವರ್ ಮೊದಲು ಬರುತ್ತಾನೆ, ಅವನ ವರ್ಣನೆ ಬಾಲದಂತೆ ಹಿಂದಿನಿಂದ ಬರುತ್ತದೆ, ಆ ಬಾಲದ ತುದಿಯಲ್ಲಿ ಹಾಸ್ಪಿಟಲ್ ಕೂತಿರುತ್ತದೆ, ಅದರ ಪಕ್ಕದಲ್ಲೇ ರೆಫ್ಯೂಸ್ಡ್. ಕನ್ನಡದ ಮಗು ಪಕ್ಕದಲ್ಲಿ ಇರುವುದನ್ನೇ ಕರ್ತೃ ಅಂದುಕೊಳ್ಳುತ್ತದೆ. ಹುಟ್ಟಿದಾಗಿನಿಂದ ಕಿವಿ ಹಾಗೇ ಪಳಗಿದೆ, ಅದರದೇನು ತಪ್ಪು?

ಮದ್ದು ಸಣ್ಣದು. ಪೆನ್ಸಿಲ್ ಕೊಡಿ. ಹೂ, ವಿಚ್, ದಟ್ ಎಂಬ ಪದ ಹೆಸರಾದ ತಕ್ಷಣ ಬಂದರೆ ಅಲ್ಲೊಂದು ಕಂಸ ತೆರೆಯಲಿ. ಮುಂದೆ ಎರಡನೇ ಕ್ರಿಯಾಪದ ಸಿಗುವ ಮುಂಚೆ ಮುಚ್ಚಲಿ. ಈಗ ಕಂಸದೊಳಗಿನದ್ದನ್ನು ಬಿಟ್ಟು ಓದಲಿ: "ದಿ ಡ್ರೈವರ್ ರೆಫ್ಯೂಸ್ಡ್ ಟು ಟೇಕ್ ಎನಿ ಮನಿ." ಅಷ್ಟೇ. ದಿನಕ್ಕೆ ಐದು ವಾಕ್ಯ ಹೀಗೆ ಮಾಡಿದರೆ ಎರಡು ವಾರದಲ್ಲಿ ಪೆನ್ಸಿಲ್ ಬೇಡವಾಗುತ್ತದೆ. ಎಲ್ಲಾ ವಾಕ್ಯಕ್ಕೂ ಇದು ಹೊಂದುವುದಿಲ್ಲ, ಆದರೆ ಹತ್ತನೇ ಕ್ಲಾಸಿನ ಪ್ಯಾಸೇಜ್‌ಗೆ ಬೇಕಾದಷ್ಟಾಯಿತು.

ಇನ್ನೊಂದು ಕೇಳತೇನಿ. "ಹಾರ್ಡ್ಲಿ ಸ್ಲೆಪ್ಟ್" ಅಂದರೆ ಏನು ಅಂತ ಅವನನ್ನ ಕೇಳಿ ನೋಡಿ. "ಚಾರ್ಜ್ಡ್" ಅಂದರೆ ಏನು ಅಂತಲೂ ಕೇಳಿ. ಉತ್ತರ ಇಲ್ಲಿ ಬರೆಯಿರಿ.

ಕಲ್ಪತರು ಅಮ್ಮ

ಕೇಳಿದೆ ಸರ್. ಹಾರ್ಡ್ಲಿ ಸ್ಲೆಪ್ಟ್ ಅಂದರೆ ಗಾಢ ನಿದ್ದೆ ಮಾಡಿದಳಂತೆ. ಚಾರ್ಜ್ ಅಂದರೆ ಮೊಬೈಲ್‌ಗೆ ಹಾಕೋದು. "ಟೀಗೆ ಯಾಕಮ್ಮ ಚಾರ್ಜ್ ಹಾಕ್ತಾರೆ, ಅದಕ್ಕೇ ಉತ್ತರ ಗೊತ್ತಾಗಲಿಲ್ಲ" ಅಂದ. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ರಾಣೇಬೆನ್ನೂರ ಮಾಸ್ತರ

ನಗ್ರಿ, ನಗ್ರಿ! ನನಗೆ ಬೇಕಾಗಿದ್ದು ಇದೇ. ಎಲ್ಲರೂ ಮಕ್ಕಳಿಗೆ ಪದ ಗೊತ್ತಿಲ್ಲ, ದಿನಕ್ಕೆ ಹತ್ತು ಹೊಸ ಪದ ಬರೆಸಿ ಅನ್ನುತ್ತಾರೆ. ಗೊತ್ತಿಲ್ಲದ ಪದ ಬಂದರೆ ಹುಡುಗ ಕನಿಷ್ಠ ನಿಲ್ಲುತ್ತಾನೆ, ಯೋಚಿಸುತ್ತಾನೆ. ಗೊತ್ತಿರುವ ಪದ ಬಂದರೆ ಓಡಿಬಿಡುತ್ತಾನೆ. ಎಡವಿ ಬೀಳುವುದು ಅಲ್ಲಿ.

ನಮ್ಮ ಮನೆಮಾತಿನಲ್ಲಿ ಇಂಗ್ಲಿಷ್ ಪದಗಳು ತುಂಬ ಇವೆ, ಆದರೆ ನಾವು ಅವನ್ನ ಒಂದೇ ಅರ್ಥಕ್ಕೆ ಕಟ್ಟಿಹಾಕಿದ್ದೇವೆ. ಕರೆಂಟ್ ಅಂದರೆ ವಿದ್ಯುತ್ ಮಾತ್ರ. ಹೀಗಾಗಿ "ದಿ ಕರೆಂಟ್ ಪ್ರೈಸ್ ಆಫ್ ಆನಿಯನ್ಸ್" (ಈರುಳ್ಳಿಯ ಈಗಿನ ಬೆಲೆ) ಅಂತ ಕೊಟ್ಟರೆ ಈರುಳ್ಳಿಗೂ ಕರೆಂಟಿಗೂ ಏನು ಸಂಬಂಧ ಅಂತ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಕವರ್ ಅಂದರೆ ಪ್ಲಾಸ್ಟಿಕ್ ಚೀಲ. "ದೇ ಕವರ್ಡ್ ಟ್ವೆಂಟಿ ಕಿಲೋಮೀಟರ್ಸ್" (ಇಪ್ಪತ್ತು ಕಿಲೋಮೀಟರ್ ಸಾಗಿದರು) ಬಂದಾಗ ನನ್ನ ವಿದ್ಯಾರ್ಥಿನಿ ಒಬ್ಬಳು ರಸ್ತೆ ಮುಚ್ಚಿದರು ಅಂತ ಬರೆದಿದ್ದಳು, ಪಾಪ. ಸೀರಿಯಸ್ ಅಂದರೆ ಸಾಯುವ ಸ್ಥಿತಿ. "ಹಿ ಲುಕ್ಡ್ ಸೀರಿಯಸ್" (ಮುಖ ಗಂಭೀರವಾಗಿತ್ತು) ಅಂದರೆ ಆ ಮನುಷ್ಯ ಆಸ್ಪತ್ರೆ ಸೇರಿದ ಹಾಗೇ. ಪಿಕ್ಚರ್ ಸಿನಿಮಾ, ಕಟಿಂಗ್ ಕೂದಲಿನದು, ಹೋಟೆಲ್ ಇಡ್ಲಿ ಸಿಗುವ ಜಾಗ.

ನಿಮ್ಮ ಹುಡುಗನಿಗೆ "ಬಸ್ ಚಾರ್ಜ್ ಎಷ್ಟು" ಅಂತ ಕೇಳಿ. ತಟ್ಟನೆ ಹೇಳುತ್ತಾನೆ. ಅಂದರೆ ಆ ಅರ್ಥವೂ ಅವನ ಹತ್ತಿರ ಇದೆ, ಪರೀಕ್ಷೆ ಹಾಲಿನಲ್ಲಿ ಕೈಗೆ ಸಿಗಲಿಲ್ಲ ಅಷ್ಟೇ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಹಿಂಗ ಮೋಸ ಮಾಡೋ ಪದಗಳನ್ನ ಬರೆಯುತ್ತಾ ಹೋಗಲಿ, ಮೂವತ್ತು ದಾಟುವುದಿಲ್ಲ. ಜೊತೆಗೆ ಅರ್ಥ ಉಲ್ಟಾ ಮಾಡುವ ಸಣ್ಣ ಪದಗಳು: ಹಾರ್ಡ್ಲಿ, ಅನ್ಲೆಸ್, ದೋ, ಫ್ಯೂ. "ಹಾರ್ಡ್ಲಿ ಸ್ಲೆಪ್ಟ್" ಅಂದರೆ ನಿದ್ದೆ ಮಾಡಲೇ ಇಲ್ಲ ಅನ್ನುವಷ್ಟು ಕಡಿಮೆ. "ಟೂ ಟೈರ್ಡ್ ಟು ವಾಕ್" ಅಂದರೆ ಸುಸ್ತಾಗಿದ್ದರೂ ನಡೆದ ಅಂತ ಬರೆಯುವವರೇ ಜಾಸ್ತಿ. ನಡೆಯಲಾರದಷ್ಟು ಸುಸ್ತು ಅಂತ ಯಾರೂ ಬರೆಯಲ್ಲ.

ಸ್ಕೋರ್ ಮುಖ್ಯ ಅವರಿಗೆ: ಪದ ಹುಡುಕಿ ಸಾಲು ಎತ್ತು ಅನ್ನುವುದು ಮೇಲಿನ ಪ್ಯಾಸೇಜ್‌ನಲ್ಲಿ ಹೇಗೆ ಕೆಲಸ ಮಾಡುತ್ತೆ ತೋರಿಸಿ ಸರ್. ಎರಡನೇ ಪ್ರಶ್ನೆಯ ಪದಗಳು ಇರುವುದು ಮೂರನೇ ಸಾಲಿನಲ್ಲಿ. ಉತ್ತರ ಇರುವುದು ಎರಡನೇ ಸಾಲಿನಲ್ಲಿ.

ಗ್ಯಾರೇಜ್ ಹುಡ್ಗ

ನನ್ನ ಕಥೆ ಹೇಳ್ತೀನಿ ಅಕ್ಕ. ನಾನು 2025ರ ಮೊದಲನೇ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲೇ ಹೋದೆ. ಆ ವರ್ಷ ಮೂರು ಪರೀಕ್ಷೆ ಇದ್ದಿದ್ದು ಒಳ್ಳೇದಾಯ್ತು, ಎರಡನೇದರಲ್ಲಿ ಕಟ್ಟಿ ಪಾಸಾದೆ. ಇನ್ನೊಂದು ಅವಕಾಶ ಇಲ್ಲದಿದ್ದರೆ ಅಪ್ಪ ಗ್ಯಾರೇಜಿಗೆ ಪರ್ಮನೆಂಟ್ ಆಗಿ ಕಳಿಸಿಬಿಡುತ್ತಿದ್ದರು. ಈಗ ಐಟಿಐ ಮಾಡುತ್ತಾ ಸಂಜೆ ಗ್ಯಾರೇಜಿಗೆ ಹೋಗುತ್ತೇನೆ.

ಫೇಲ್ ಆದಮೇಲೆ ಗೈಡ್ ಮುಟ್ಟೋಕೆ ಮನಸ್ಸಾಗಲಿಲ್ಲ. ಗೈಡ್‌ನಲ್ಲಿ ಪ್ಯಾಸೇಜ್ ಕೆಳಗೇ ಉತ್ತರ ಇರುತ್ತೆ, ಕಣ್ಣು ಅಲ್ಲಿಗೇ ಹೋಗುತ್ತೆ, ಓದಿದ್ದೀನಿ ಅನ್ನೋ ಭ್ರಮೆ ಬರುತ್ತೆ. ನಮ್ಮ ಗ್ಯಾರೇಜಿನಲ್ಲಿ ಬೈಕ್ ಜೊತೆ ಬರೋ ಪುಸ್ತಕಗಳು ಒಂದು ರಾಶಿ ಬಿದ್ದಿದ್ದವು. ಗಿರಾಕಿ ಯಾರೂ ಓದಲ್ಲ, ನಾನು ಓದೋಕೆ ಶುರು ಮಾಡಿದೆ. ಕೆಲಸ ನನಗೆ ಗೊತ್ತಿರೋದು, ಇಂಗ್ಲಿಷ್ ಮಾತ್ರ ಹೊಸದು. ಚೈನ್ ಎಷ್ಟು ಲೂಸ್ ಇರಬೇಕು ಅಂತ ಕೈಗೆ ಗೊತ್ತು, ಹಾಗಾಗಿ ವಾಕ್ಯ ಏನು ಹೇಳೋಕೆ ಹೊರಟಿದೆ ಅಂತ ಮೊದಲೇ ಅಂದಾಜು ಸಿಗುತ್ತಿತ್ತು. ಒಂದಿನ "ಡು ನಾಟ್ ಓಪನ್ ದಿ ರೇಡಿಯೇಟರ್ ಕ್ಯಾಪ್ ಅನ್ಲೆಸ್ ದಿ ಎಂಜಿನ್ ಇಸ್ ಕೋಲ್ಡ್" ಅಂತ ಇತ್ತು. ನಾನು ಎಂಜಿನ್ ತಣ್ಣಗಿದ್ದರೆ ತೆಗೀಬೇಡ ಅಂತ ಓದಿಕೊಂಡೆ. ಆಮೇಲೆ ಅನ್ನಿಸಿತು, ಇದು ಸಾಧ್ಯವೇ ಇಲ್ಲ, ಬಿಸಿ ಇದ್ದಾಗ ತೆಗೆದರೆ ಮುಖ ಸುಟ್ಟುಹೋಗುತ್ತೆ. ಆವತ್ತು ಅನ್ಲೆಸ್ ತಲೆಗೆ ಹತ್ತಿತು, ಇವತ್ತಿಗೂ ಬಿಟ್ಟಿಲ್ಲ.

ನಿಮ್ಮ ಮಗನಿಗೆ ಏನು ಇಷ್ಟ ಅಕ್ಕ? ಕ್ರಿಕೆಟ್ ಇದ್ದರೆ ಮ್ಯಾಚ್ ಸುದ್ದಿ ಓದಿಸಿ. ಅವನಿಗೆ ಮ್ಯಾಚ್ ಗೊತ್ತಿರುತ್ತೆ, ಅರ್ಧ ಕೆಲಸ ಅಲ್ಲೇ ಮುಗೀತು.

ಹಳೇ ಪೆನ್ಸಿಲ್

ನಾನು ನಿವೃತ್ತ ನೌಕರ. ನಮ್ಮ ಕಾಲದಲ್ಲಿ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಈಗ ಸರ್ಕಾರಿ ಶಾಲೆಯಲ್ಲೂ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ. ಒಂಬತ್ತು ವರ್ಷ ಓದಿ ಬಂದ ಮಕ್ಕಳಿಗೂ ಮೂರು ಸಾಲು ಅರ್ಥವಾಗುವುದಿಲ್ಲ ಅಂದರೆ ಏನು ಹೇಳುವುದು. ನಮಗೆ ಕಲಿಸಿದ ಮೇಷ್ಟ್ರು ಪಂಚೆ ಉಟ್ಟುಕೊಂಡು ಬರುತ್ತಿದ್ದರು, ಒಂದು ಇಂಗ್ಲಿಷ್ ಮಾತೂ ಆಡುತ್ತಿರಲಿಲ್ಲ. ಆದರೆ ಒಂದು ಪ್ಯಾರಾ ಓದಿಸಿ, ಪುಸ್ತಕ ಮುಚ್ಚಿಸಿ, "ಈಗ ನಿಮ್ಮಜ್ಜಿಗೆ ಈ ಕಥೆ ಹೇಳು" ಅನ್ನುತ್ತಿದ್ದರು. ನಾವು ಕನ್ನಡದಲ್ಲಿ ಹೇಳಬೇಕು. ಹೇಳುವಾಗ ಎಲ್ಲಿ ತಡವರಿಸಿದೆವೋ ಅಲ್ಲಿ ನಮಗೆ ಅರ್ಥವಾಗಿಲ್ಲ ಅಂತ ಅವರಿಗೆ ತಿಳಿದುಬಿಡುತ್ತಿತ್ತು. ಈಗ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಬಳಸಬಾರದು ಅನ್ನುವ ಮಡಿ ಬೇರೆ.

ತಾಯಿ, ನೀವು ಇದನ್ನು ಮಾಡಬಹುದು. ನಿಮಗೆ ಇಂಗ್ಲಿಷ್ ಎಷ್ಟು ಬರುತ್ತೆ ಅನ್ನುವುದು ಮುಖ್ಯವಲ್ಲ. ನೀವು ಹೊಲಿಯುತ್ತಾ ಕೂತಿರಿ, ಅವನು ಓದಿ ನಿಮಗೆ ಕಥೆ ಹೇಳಲಿ. ನೀವು "ಯಾರು ಅಂದರು? ಯಾಕಂತೆ? ಆಮೇಲೆ?" ಅಂತ ಕೇಳುತ್ತಾ ಹೋಗಿ.

ಕಾಸ್ರೋಡಿನವಳು

ನಾನು ಕಾಸರಗೋಡಿನ ಕನ್ನಡ ಮೀಡಿಯಂನಲ್ಲಿ ಓದಿದವಳು. ನಮ್ಮದು ಕೇರಳದ ಎಸ್‌ಎಸ್‌ಎಲ್‌ಸಿ. ಅಲ್ಲಿ ಪ್ರಶ್ನೆಪತ್ರಿಕೆ ಕೊಟ್ಟಮೇಲೆ ಮೊದಲ 15 ನಿಮಿಷಕ್ಕೆ ಕೂಲ್ ಆಫ್ ಟೈಮ್ ಅಂತ ಹೆಸರು. ಬರೆಯುವ ಹಾಗಿಲ್ಲ, ಓದಬೇಕು ಅಷ್ಟೆ. ಕರ್ನಾಟಕದಲ್ಲೂ ಓದಲಿಕ್ಕೆ 15 ನಿಮಿಷ ಕೊಡ್ತಾರಲ್ಲ? ಆ ಹೊತ್ತಿನಲ್ಲಿ ಹೆಚ್ಚಿನವರು ಯಾವ ಪ್ರಬಂಧ ಬಂತು ಅಂತ ಪುಟ ತಿರುಗಿಸಿ ಖುಷಿ ಪಡ್ತಾರೆ, ಇಲ್ಲಾ ಬೆವರು ಒರೆಸ್ತಾರೆ. ನಮ್ಮ ಟೀಚರ್ ಮಾತ್ರ ಆ ಹೊತ್ತಲ್ಲಿ ಪ್ಯಾಸೇಜನ್ನೇ ಎರಡು ಸಲ ಓದಿ ಅಂತ ಹೇಳಿದ್ದರು. ಕೈಯಲ್ಲಿ ಪೆನ್ನು ಓಡುತ್ತಿಲ್ಲದಾಗ ತಲೆ ಸ್ವಲ್ಪ ತಣ್ಣಗೆ ಓದ್ತದೆ, ನಿಜಕ್ಕೂ.

ಒಂದು ಪ್ರಶ್ನೆ ಮಾಸ್ತರ್ರಿಗೆ. ಮೊದಲು ಪ್ರಶ್ನೆ ಓದಬೇಕಾ, ಪ್ಯಾಸೇಜ್ ಓದಬೇಕಾ? ಯೂಟ್ಯೂಬಿನಲ್ಲಿ ಎಲ್ಲರೂ ಪ್ರಶ್ನೆ ಮೊದಲು ಅಂತಾರೆ. ನನ್ನ ತಂಗಿಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ.

ರಾಣೇಬೆನ್ನೂರ ಮಾಸ್ತರ

ಒಳ್ಳೇ ಪ್ರಶ್ನೆ ತಂಗಿ. ಚೆನ್ನಾಗಿ ಓದಬಲ್ಲವರಿಗೆ ಪ್ರಶ್ನೆ ಮೊದಲು ಓದಿದರೆ ಸಮಯ ಉಳಿಯುತ್ತದೆ. ತಡವರಿಸುವವರಿಗೆ ಅದು ವಿಷ. ಪ್ರಶ್ನೆಯಲ್ಲಿ "ಟೀ" ಅಂತ ನೋಡಿದ ಹುಡುಗ ಪ್ಯಾಸೇಜ್ ಓದುವುದೇ ಇಲ್ಲ, "ಟೀ" ಎಲ್ಲಿದೆ ಅಂತ ಹುಡುಕುತ್ತಾನೆ. ಸಿಕ್ಕಿದ ಸಾಲು ಎತ್ತಿ ಇಡುತ್ತಾನೆ. ಅದಕ್ಕೇ ನಾನು ಹೇಳುವುದು, ಅಭ್ಯಾಸ ಮಾಡುವಾಗ ಪ್ರಶ್ನೆಗಳನ್ನ ಕೈಯಿಂದ ಮುಚ್ಚಿಕೊಂಡು ಪ್ಯಾಸೇಜ್ ಓದಿ, ಮೇಲಿನ ಹಿರಿಯರು ಹೇಳಿದ ಹಾಗೆ ಕನ್ನಡದಲ್ಲಿ ಕಥೆ ಹೇಳಿ, ಆಮೇಲೆ ಕೈ ತೆಗೆಯಿರಿ.

ಓದಲಿಕ್ಕೆ ಎಲ್ಲಿಂದ ತರೋದು ಅಂದರೆ, ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಹಳೇ ಪೇಪರ್, ಮಾದರಿ ಪೇಪರ್ ಪುಕ್ಕಟೆ ಸಿಗುತ್ತವೆ. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಆಗಿರುವುದರಿಂದ ಪೇಪರ್‌ಗೂ ಬರವಿಲ್ಲ. ಇನ್ನೊಂದು ಉಪಾಯ ಜಾಸ್ತಿ ಜನರಿಗೆ ಹೊಳೆಯಲ್ಲ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪ್ರಥಮ ಭಾಷೆ ಇಂಗ್ಲಿಷಿನ ಆರನೇ ಕ್ಲಾಸ್ ಪುಸ್ತಕ ಇಳಿಸಿಕೊಳ್ಳಿ. ಕನ್ನಡ ಮೀಡಿಯಂ ಹುಡುಗ ಅದನ್ನ ನೋಡೇ ಇರುವುದಿಲ್ಲ, ಅವನ ಮಟ್ಟಿಗೆ ಎಲ್ಲಾ ಹೊಸ ಪ್ಯಾಸೇಜ್. ಮಟ್ಟವೂ ಸರಿಹೋಗುತ್ತದೆ. ಆರನೇ ಕ್ಲಾಸ್ ಪುಸ್ತಕ ಅಂತ ಅವಮಾನ ಮಾಡಿಕೊಂಡರೆ ಮುಖಪುಟ ಹರಿದು ಕೊಡ್ರಿ!

4 ಅಂಕ ಅಂತ ಸಸಾರ ಮಾಡಬೇಡಿ. ಪಾಠದ ಸಾಲು ಕೊಟ್ಟು "ಇಲ್ಲಿ ಹಿ ಯಾರು, ಇಟ್ ಯಾವುದು" ಅಂತ ಕೇಳುವ ಪ್ರಶ್ನೆಗೂ ಇದೇ ಬುದ್ಧಿ ಬೇಕು. ನಾಳೆ ಪಿಯುಸಿಯಲ್ಲಿ ಸೈನ್ಸ್ ತಗೊಂಡರೆ ಪ್ರತಿ ಪುಟವೂ ಗೊತ್ತಿಲ್ಲದ ಪ್ಯಾಸೇಜೇ.

ಸ್ಕೋರ್ ಮುಖ್ಯ

ಮಾಸ್ತರ್ರೇ, ಎರಡನೇ ಸಾಲಿನ ವಿಷಯ ಒಪ್ಪಿದೆ. ಆದರೆ ಪರೀಕ್ಷೆಗೆ ದಿನ ಎಷ್ಟು ಉಳಿದಿದೆ ಅನ್ನುವುದೂ ನೋಡಬೇಕು ಅಲ್ವಾ. ಒಂದಂತೂ ಹೇಳಬಲ್ಲೆ ಮೇಡಂ: "ವೈ" ಅಂತ ಕೇಳಿದರೆ "ಬಿಕಾಸ್" ಅಂತಲೇ ಶುರು ಮಾಡಲಿ. ಆ ಪದ ಬರೆದಮೇಲೆ ಪ್ರಶ್ನೆಯನ್ನೇ ತಿರುಗಿಸಿ ಬರೆಯೋಕೆ ಆಗಲ್ಲ, ಕೈ ತಾನಾಗೇ ಕಾರಣ ಹುಡುಕುತ್ತೆ. ಸ್ಪೆಲಿಂಗ್‌ಗೆ ಹೆದರಿ ಖಾಲಿ ಬಿಡೋದು ಬೇಡ.

ರಾಣೇಬೆನ್ನೂರ ಮಾಸ್ತರ

ಇದು ಲಾಖ ಮಾತು. ನಾನೂ ಕ್ಲಾಸಿನಲ್ಲಿ ಹೇಳತೇನಿ, ನಿಮ್ಮ ಹೆಸರು ಹೇಳಲ್ಲ ಅಷ್ಟೇ.

ಕಲ್ಪತರು ಅಮ್ಮ

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ, ಮದುವೆ ಸೀಸನ್, ಬ್ಲೌಸ್ ಹೊಲಿದು ಮುಗಿಯುತ್ತಿಲ್ಲ. ದಿನಾ ರಾತ್ರಿ ಊಟ ಆದಮೇಲೆ ಮಗ ಪಕ್ಕದಲ್ಲಿ ಕೂತು ಓದಿ ಕಥೆ ಹೇಳುತ್ತಾನೆ. ಮೊದಲ ಮೂರು ದಿನ ಬರೀ ಜಗಳ. ನಾಲ್ಕನೇ ದಿನ ಮನೆಯಲ್ಲಿದ್ದ ಓಆರ್‌ಎಸ್ ಪ್ಯಾಕೆಟ್ ಕೊಟ್ಟೆ. ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಬೇಕು, ಕಲೆಸಿದ್ದನ್ನ 24 ಗಂಟೆಯೊಳಗೆ ಮುಗಿಸಬೇಕು ಅಂತ ಅದರಲ್ಲಿದೆ. "ಇವತ್ತು ಬೆಳಿಗ್ಗೆ ಎಂಟಕ್ಕೆ ಕಲೆಸಿದ್ದು ನಾಳೆ ಸಂಜೆ ಕುಡಿಯಬಹುದಾ?" ಅಂತ ಕೇಳಿದೆ. ಈ ಪ್ರಶ್ನೆ ಅದರಲ್ಲಿ ಎಲ್ಲೂ ಇಲ್ಲವಲ್ಲ ಅಂತ ಸುಮಾರು ಹೊತ್ತು ಪ್ಯಾಕೆಟ್ ತಿರುಗಿಸಿದ. ಆಮೇಲೆ ನಿಧಾನವಾಗಿ "ಆಗಲ್ಲ, ಟೈಮ್ ಆಗಿಹೋಗಿರುತ್ತೆ" ಎಂದ. ಎದ್ದು ಹೋಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ.

ಮೋಸದ ಪದಗಳ ಪಟ್ಟಿ ಹತ್ತೊಂಬತ್ತಕ್ಕೆ ಬಂದಿದೆ. ಸ್ಕೂಲ್‌ನಲ್ಲಿ ಮತ್ತೊಂದು ಟೆಸ್ಟ್ ಆಯಿತು, ಪ್ಯಾಸೇಜ್‌ಗೆ 4ಕ್ಕೆ 3. ಹಾಸ್ಪಿಟಲ್ ವಿಷಯದಲ್ಲಿ ಮಾತ್ರ ಇನ್ನೂ ಪಟ್ಟು ಬಿಟ್ಟಿಲ್ಲ, ಬರೆದವರು ಸರಿಯಾಗಿ ಬರೆಯಬೇಕಿತ್ತು ಅನ್ನುತ್ತಾನೆ.

ಮೊನ್ನೆ ನನಗೇ ಪರೀಕ್ಷೆ ಇಟ್ಟ. ನನ್ನ ಹೊಲಿಗೆ ಮೆಷಿನ್‌ಗೆ ಮೋಟಾರ್ ಹಾಕಿಸಿದಾಗ ಕೊಟ್ಟ ಚೀಟಿ ಹುಡುಕಿ ತಂದು, "ಡು ನಾಟ್ ರನ್ ದಿ ಮೋಟಾರ್ ಅನ್ಲೆಸ್ ದಿ ಬೆಲ್ಟ್ ಕವರ್ ಇಸ್ ಆನ್, ಇದರ ಅರ್ಥ ಹೇಳಮ್ಮ" ಎಂದ. "ಕವರ್ ಇದ್ದಾಗ ಓಡಿಸಬಾರದು, ತೆಗೆದು ಓಡಿಸಬೇಕು" ಅಂದೆ. ಅಷ್ಟು ನಕ್ಕ ನೋಡಿ! ಮೂರು ವರ್ಷದಿಂದ ನಾನು ಹಾಗೇ ಓಡಿಸುತ್ತಿದ್ದೇನೆ, ಆ ಕವರ್ ಅಟ್ಟದ ಮೇಲಿತ್ತು. ಎರಡು ಸಲ ಸೆರಗು ಬೆಲ್ಟಿಗೆ ಸಿಕ್ಕಿಹಾಕಿಕೊಂಡಿತ್ತು ಕೂಡ. ಇವತ್ತು ಇಳಿಸಿ, ಧೂಳು ಒರೆಸಿ ಹಾಕೋಣ ಅಂತ ನೋಡಿದರೆ ಒಂದು ಸ್ಕ್ರೂ ಇಲ್ಲ.

ಗ್ಯಾರೇಜ್ ಹುಡ್ಗ

ಅಕ್ಕ, ಉಳಿದಿರೋ ಸ್ಕ್ರೂ ಒಂದನ್ನು ಬಿಚ್ಚಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ ತೋರಿಸಿ, ಅದೇ ಸೈಜ್ ಕೊಡ್ತಾರೆ. ಸುಮ್ನೆ ಅಂದಾಜಿಗೆ ಬೇರೆದು ಹಾಕಿ ತಿರುಗಿಸಬೇಡಿ, ಸ್ಕ್ರೂ ತೂತಿನ ಮರೆ, ಅಂದ್ರೆ ಥ್ರೆಡ್, ಹೋಗುತ್ತೆ.